ಮಲೇಷ್ಯಾ ಪ್ಯಾಕೇಜ್ ಓಕೆ, ಆದ್ರೆ ಇಲ್ಲದ ವೀಸಾಗೂ ದುಡ್ಡು ತಗೊಂಡ್ರು

ಬೆಂಗಳೂರಿನ ಒಂದು ಟ್ರಾವೆಲ್ಸ್‌ನಿಂದ ಕೌಲಾಲಂಪುರಕ್ಕೆ ಹೋಗ್ಬಂದ್ವಿ, ಹೆಸ್ರು ಬೇಡ ಬಿಡಿ. ಹೋಟ್ಲು, ಬಸ್ಸು ಚೆನ್ನಾಗಿತ್ತು, ಅಲ್ಲಿನ ಗುಹೆ ದೇವಸ್ಥಾನ ಬಟು ಕೇವ್ಸ್‌ನ 272 ಮೆಟ್ಲು ಅಮ್ಮ ನನಗಿಂತ ಮುಂಚೆ ಹತ್ಬಿಟ್ರು. ಸಿಟ್ಟು ಬಂದಿದ್ದು ಬಿಲ್ ನೋಡಿ, 'ವೀಸಾ ಪ್ರೊಸೆಸಿಂಗ್' ಅಂತ ತಲೆಗೆ 1,500 ರೂಪಾಯಿ! ಯಾವ ವೀಸಾ ಸ್ವಾಮಿ? 2023ರ ಡಿಸೆಂಬರ್ 1ರಿಂದ ನಮ್ ಪಾಸ್‌ಪೋರ್ಟ್‌ಗೆ ಅಲ್ಲಿ 30 ದಿನದ ತನಕ ವೀಸಾನೇ ಬೇಡ, ಸದ್ಯಕ್ಕೆ 2026ರ ಕೊನೆವರೆಗೆ. ಕೇಳಿದ್ರೆ ಅದು ಎಂಡಿಎಸಿಗಂತೆ, ಅಂದ್ರೆ ಡಿಜಿಟಲ್ ಅರೈವಲ್ ಕಾರ್ಡು, ಮಲೇಷ್ಯಾ ಇಮಿಗ್ರೇಷನ್ ಸೈಟಲ್ಲಿ ಫ್ರೀಯಾಗಿ ತುಂಬೋದು, ಇಳಿಯೋಕೆ ಮುಂಚಿನ 3 ದಿನದೊಳಗೆ ಮಾಡ್ಬೇಕು, ಪಾಸ್‌ಪೋರ್ಟ್ ನಂಬರು ಫ್ಲೈಟ್ ನಂಬರು ಉಳ್ಕೊಳೋ ಅಡ್ರೆಸ್ಸು ಹಾಕಿದ್ರೆ ಹತ್ತು ನಿಮಿಷದ ಕೆಲ್ಸ. ಅದ್ರಲ್ಲೂ ಅಪ್ಪನ ಪಾಸ್‌ಪೋರ್ಟ್ ನಂಬರ್ ತಪ್ಪು ಹಾಕಿದ್ರು, ರಾತ್ರಿ ಕೂತು ನಾನೇ ಮತ್ತೆ ತುಂಬ್ದೆ. ಪಾಸ್‌ಪೋರ್ಟ್ ಇನ್ನೂ 6 ತಿಂಗ್ಳು ವ್ಯಾಲಿಡ್ ಇರ್ಬೇಕು, ರಿಟರ್ನ್ ಟಿಕೆಟ್ಟು ಹೋಟ್ಲು ಬುಕಿಂಗು ಕೈಲಿಟ್ಕೊಳ್ಳಿ ಅಂತ ಹೇಳೋದು ಮುಖ್ಯ ಅಲ್ವಾ, ಅದನ್ನ ಮಾತ್ರ ಒಬ್ರೂ ಬಾಯ್ಬಿಡ್ಲಿಲ್ಲ. 5ಕ್ಕೆ 2 ಸ್ಟಾರ್, ಅದೂ ಬಸ್ ಡ್ರೈವರ್‌ಗೆ. 1,500 ವಾಪಸ್ ಕೇಳಿದೀನಿ, 'ಮ್ಯಾನೇಜರ್ ಊರಲ್ಲಿಲ್ಲ ಸರ್' ಅಂತಾವ್ರೆ.