ತೊಗರಿ ಬೇಳೆಯೋ, ಖಾರದ ಪುಡಿಯೋ? ಕಲಬುರಗಿ ಮತ್ತು ಬ್ಯಾಡಗಿ

ಸಣ್ಣ ಆಹಾರ ಸಂಸ್ಕರಣಾ ಘಟಕಕ್ಕೆ ತೊಗರಿಯ ಕಲಬುರಗಿ ಒಳ್ಳೆಯದೋ ಮೆಣಸಿನಕಾಯಿಯ ಬ್ಯಾಡಗಿಯೋ ಎಂದು ಕೇಳಿದ್ದೀರಿ. ಸಹಾಯಧನ ನೋಡಿ ಊರು ಆರಿಸಬೇಡಿ. ಕಿರು ಆಹಾರ ಘಟಕಗಳಿಗೆ ಸಾಲದ ಜೊತೆ ಸಹಾಯಧನ ಕೊಡುವ ಪಿಎಂಎಫ್‌ಎಂಇ ಯೋಜನೆಯಲ್ಲಿ, ಘಟಕದ ವೆಚ್ಚದ ಮೇಲೆ ಕೇಂದ್ರದ ಶೇ 35ಕ್ಕೆ ರಾಜ್ಯ ಶೇ 15 ಸೇರಿಸಿ ಗರಿಷ್ಠ 15 ಲಕ್ಷ ರೂಪಾಯಿ ಕೊಡುತ್ತಾ ಬಂದಿದೆ, ಎರಡೂ ಕಡೆ ಅಷ್ಟೇ.

ನಿಜವಾದ ವ್ಯತ್ಯಾಸ ಇರುವುದು ಮಾಲು ಹಿಡಿದಿಡುವುದರಲ್ಲಿ. ಒಣಗಿದ ತೊಗರಿಯನ್ನು ಹುಳ ಬೀಳದಂತೆ ನೋಡಿಕೊಂಡರೆ ಸಾಮಾನ್ಯ ಗೋದಾಮಿನಲ್ಲೇ ಇಡಬಹುದು. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದೇ ಕಡುಗೆಂಪು ಬಣ್ಣಕ್ಕೆ. ಬಿಸಿಲಿನ ತಿಂಗಳುಗಳಲ್ಲಿ ಆ ಬಣ್ಣ ಮಾಸುತ್ತದೆ, ಹಾಗಾಗಿ ಶೀತಲಗೃಹದ ಬಾಡಿಗೆ ತಪ್ಪದು. ಊರಿನ ಸುತ್ತ ಶೀತಲಗೃಹಗಳಿರುವುದು ಸಮಾಧಾನ. ಆದರೂ ಸುಗ್ಗಿಯಲ್ಲಿ ಕೊಂಡು ವರ್ಷವಿಡೀ ಪುಡಿ ಮಾಡುವವರ ಹಣ ತಿಂಗಳುಗಟ್ಟಲೆ ಸಿಕ್ಕಿಬೀಳುತ್ತದೆ.

ಮಾರಾಟದಲ್ಲಿ ಲೆಕ್ಕ ತಿರುಗುತ್ತದೆ. ಬೇಳೆ ದಿನವೂ ಬೇಕು, ಹೊಟ್ಟು ನುಚ್ಚು ಕೂಡ ಪಶು ಆಹಾರವಾಗಿ ಹೋಗುತ್ತದೆ. ಲಾಭದ ಅಂಚು ಮಾತ್ರ ತೆಳು. ಮ್ಯಾನ್ಮಾರ್, ಮೊಜಾಂಬಿಕ್‌ನಿಂದ ಬರುವ ತೊಗರಿ ದರವನ್ನು ಅಲುಗಾಡಿಸುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಜಿಐ (ಊರಿನ ಹೆಸರಿಗೆ ಕಾನೂನು ರಕ್ಷಣೆ ಕೊಡುವ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಹೆಸರಿಗೇ ಗಿರಾಕಿ ಇದ್ದಾರೆ. ಆದರೆ ಬೇರೆ ತಳಿ ಬೆರೆತ ಮಾಲು ಗುರುತಿಸಲು ಪಳಗಿದ ಕಣ್ಣು ಬೇಕು. ಇಲ್ಲದವರಿಗೆ ಈ ವ್ಯಾಪಾರ ಕಷ್ಟ ಎಂದೇ ನನ್ನ ಅಭಿಪ್ರಾಯ.

ಸಗಟು ವ್ಯಾಪಾರಿಗಳ ಪರಿಚಯವಿದ್ದು, ಹಣ ಬೇಗ ಮರಳಬೇಕೆಂದರೆ ಕಲಬುರಗಿ. ಸ್ವಂತ ಬ್ರ್ಯಾಂಡ್ ಕಟ್ಟುವ ತಾಳ್ಮೆ, ಕೈಯಲ್ಲಿ ಹೆಚ್ಚಿನ ದುಡ್ಡು ಇದ್ದರೆ ಬ್ಯಾಡಗಿ. ಯಾವುದೇ ಇರಲಿ, ಯಂತ್ರಕ್ಕೆ ಮುಂಗಡ ಕೊಡುವ ಮೊದಲು ಜನವರಿಯಲ್ಲಿ ಎರಡೂ ಎಪಿಎಂಸಿಗಳ ಹರಾಜು ನೋಡಿ ಬನ್ನಿ.