ಪೆಟ್ಟಿಗೆಯ ಆಂಟಿವೈರಸ್, ಡಿಫೆಂಡರ್, ಮಾಲ್‌ವೇರ್‌ಬೈಟ್ಸ್: ಮನೆಯ ಪಿಸಿಯಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು?

ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್ ವಿಷಯದಲ್ಲಿ ನಮ್ಮದು ಇನ್ನೂ ಹಿತ್ತಲ ಗಿಡ ಮದ್ದಲ್ಲ ಅನ್ನುವ ಧೋರಣೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಪಿಸಿ ಜೋಡಿಸಿಕೊಂಡು ಬಂದವರ ಬಿಲ್ಲಿನ ಕೊನೆಯ ಸಾಲಿನಲ್ಲಿ ಎಷ್ಟೋ ಸಲ ಒಂದು ಆಂಟಿವೈರಸ್ ಪೆಟ್ಟಿಗೆಯೂ ಸೇರಿಕೊಂಡಿರುತ್ತದೆ. ವರ್ಷ ತುಂಬುವ ಹೊತ್ತಿಗೆ ಅದರ ಅಲರ್ಟುಗಳ ಕಾಟ ಶುರು. ನನ್ನ ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇನೆ: ಕಾವಲಿಗೆ ಡಿಫೆಂಡರ್, ತಿಂಗಳಿಗೊಮ್ಮೆ ಎರಡನೇ ಅಭಿಪ್ರಾಯಕ್ಕೆ ಮಾಲ್‌ವೇರ್‌ಬೈಟ್ಸ್ ಎಂಬ ತಂತ್ರಾಂಶದ ಉಚಿತ ಸ್ಕ್ಯಾನ್. ಪೆಟ್ಟಿಗೆಯದು ಕೊನೆಯ ಸ್ಥಾನ.

ಮೂರನ್ನೂ ಓಡಿಸಿ ನೋಡಿದ್ದು ಎರಡು ಯಂತ್ರಗಳಲ್ಲಿ. ಒಂದು 8 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್ ಇರುವ ವಿಂಡೋಸ್ 10 ಡೆಸ್ಕ್‌ಟಾಪ್, ಇನ್ನೊಂದು ಎಸ್‌ಎಸ್‌ಡಿ ಇರುವ ವಿಂಡೋಸ್ 11 ಲ್ಯಾಪ್‌ಟಾಪ್. ಯಾವುದು ಎಷ್ಟು ವೈರಸ್ ಹಿಡಿಯುತ್ತದೆ ಅನ್ನುವ ಲೆಕ್ಕ ಪರೀಕ್ಷಾ ಲ್ಯಾಬುಗಳ ಕೆಲಸ, ಅದನ್ನು ಇಲ್ಲಿ ಮುಟ್ಟುವುದಿಲ್ಲ. ಮನೆಯಲ್ಲಿ ತಲೆನೋವು ತರುವುದು ಅಲರ್ಟು ಮತ್ತು ಅಪ್‌ಡೇಟು.

ಡಿಫೆಂಡರ್ ಬಗ್ಗೆ ಇರುವ ಅಸಡ್ಡೆಗೆ ಹಳೆಯ ಕಾರಣವಿದೆ. 2004ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಜೈಂಟ್ ಎಂಬ ಕಂಪನಿಯ ಆಂಟಿ-ಸ್ಪೈವೇರ್ ಇದರ ಮೂಲ. ವಿಸ್ಟಾ ಮತ್ತು ವಿಂಡೋಸ್ 7ರಲ್ಲಿ ಇದು ಸ್ಪೈವೇರ್ (ಕದ್ದು ಮಾಹಿತಿ ಕಳಿಸುವ ತಂತ್ರಾಂಶ) ಮಾತ್ರ ನೋಡುತ್ತಿತ್ತು, ವೈರಸ್‌ಗೆ ಬೇರೆಯದೇ ಹಾಕಬೇಕಿತ್ತು. 2012ರ ವಿಂಡೋಸ್ 8ರಿಂದ ಪೂರ್ತಿ ಆಂಟಿವೈರಸ್ ಆಯಿತು. ಅಂಗಡಿಯವರ ಸಲಹೆ ಮಾತ್ರ ವಿಂಡೋಸ್ 7ರಲ್ಲೇ ನಿಂತುಬಿಟ್ಟಿದೆ.

ಅಲರ್ಟಿನ ವಿಷಯ. ಪೆಟ್ಟಿಗೆಯ ಸಾಫ್ಟ್‌ವೇರ್ ನಿಜವಾದ ಅಪಾಯಕ್ಕೂ, ಜಂಕ್ ಫೈಲಿಗೂ, ವಿಪಿಎನ್ ಮಾರಾಟಕ್ಕೂ, ನವೀಕರಣದ ನೆನಪಿಗೂ ಒಂದೇ ಕೆಂಪು ಕಿಟಕಿ ತೋರಿಸುತ್ತದೆ. ಮೂರು ತಿಂಗಳಲ್ಲಿ ಮನೆಮಂದಿಯೆಲ್ಲ ಓದದೇ ಮುಚ್ಚುವುದನ್ನು ರೂಢಿ ಮಾಡಿಕೊಳ್ಳುತ್ತಾರೆ, ಆಮೇಲೆ ನಿಜವಾದದ್ದು ಬಂದರೂ ಅದೇ ಗತಿ. ಡಿಫೆಂಡರ್‌ನ ಗುರಾಣಿ ಗುರುತಿಗೆ ಮೂರೇ ಬಣ್ಣ. ಹಸಿರಿದ್ದರೆ ಸರಿ. ಕೆಂಪಾದರೆ ಕೈಯಲ್ಲಿರುವ ಕೆಲಸ ಬಿಟ್ಟು ನೋಡಬೇಕು. ಹಳದಿ ಅಂದರೆ ಬಹುಪಾಲು ಗಾಬರಿ ಬೇಡದ್ದು: ಒನ್‌ಡ್ರೈವ್ ಹೊಂದಿಸಿಲ್ಲ, ಮೈಕ್ರೋಸಾಫ್ಟ್ ಖಾತೆಯಲ್ಲಿ ಸೈನ್ ಇನ್ ಆಗಿಲ್ಲ, ಅಥವಾ ‘ಮೆಮೊರಿ ಇಂಟೆಗ್ರಿಟಿ’ (ವಿಂಡೋಸ್‌ನ ಒಳಭಾಗಕ್ಕೆ ಕೆಟ್ಟ ಕೋಡ್ ನುಸುಳದಂತೆ ತಡೆಯುವ ಸೌಲಭ್ಯ) ಆಫ್ ಇದೆ. ಮೊದಲೆರಡಕ್ಕೆ ‘ಡಿಸ್ಮಿಸ್’ ಒತ್ತಿದರೆ ಮುಗಿಯಿತು. ಮೂರನೆಯದಕ್ಕೆ ಹಳೆಯ ಪ್ರಿಂಟರ್ ಅಥವಾ ಡಾಂಗಲ್‌ನ ಡ್ರೈವರ್ ಕಾರಣವಾಗಿರಬಹುದು. ಅದನ್ನು ಆನ್ ಮಾಡಲು ಹೋದಾಗ ಹೊಂದದ ಡ್ರೈವರ್ ಫೈಲಿನ ಹೆಸರನ್ನೇ ತೋರಿಸುತ್ತದೆ, ಆ ಡ್ರೈವರ್ ತೆಗೆದರೆ ಸಾಕು.

ಪರದೆಯ ಬಲಮೂಲೆಯಲ್ಲಿ ‘ನಿಮ್ಮ ಪಿಸಿಗೆ ಐದು ವೈರಸ್ ತಗುಲಿದೆ’ ಎಂದು ಬಂದರೆ ಮೊದಲು ಆ ನೋಟಿಫಿಕೇಷನ್ ಚೀಟಿಯ ಮೇಲೆ ಯಾವ ಆ್ಯಪ್‌ನ ಹೆಸರಿದೆ ನೋಡಿ. ಕ್ರೋಮ್ ಮತ್ತು ಯಾವುದೋ ಜಾಲತಾಣದ ಹೆಸರಿದ್ದರೆ ಅದು ಜಾಹೀರಾತು, ಯಾವತ್ತೋ ‘ಅಲೌ’ ಒತ್ತಿದ್ದರ ಫಲ. ಕ್ರೋಮ್ ಸೆಟ್ಟಿಂಗ್ಸ್‌ನ ‘ಪ್ರೈವೆಸಿ ಅಂಡ್ ಸೆಕ್ಯುರಿಟಿ’, ‘ಸೈಟ್ ಸೆಟ್ಟಿಂಗ್ಸ್’, ‘ನೋಟಿಫಿಕೇಷನ್ಸ್’ ಒಳಗೆ ಹೋಗಿ ಆ ತಾಣವನ್ನು ತೆಗೆದುಹಾಕಿ. ಪರದೆ ತುಂಬ ಎಚ್ಚರಿಕೆ, ಕೆಳಗೊಂದು ಫೋನ್ ನಂಬರ್ ಇದ್ದರೆ ನೂರಕ್ಕೆ ನೂರು ಮೋಸ. ಮೈಕ್ರೋಸಾಫ್ಟ್‌ನ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರ್ ಮುಚ್ಚಿ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್ನು ಪೆಟ್ಟಿಗೆಯನ್ನು ಕೊನೆಗೆ ತಳ್ಳಿದ ಮುಖ್ಯ ತೊಡಕು: ಹೋಗು ಅಂದರೆ ಹೋಗುವುದಿಲ್ಲ. ಬೇರೆ ಆಂಟಿವೈರಸ್ ಬಂದು ವಿಂಡೋಸ್‌ನಲ್ಲಿ ನೋಂದಾಯಿಸಿಕೊಂಡ ಕೂಡಲೇ ಡಿಫೆಂಡರ್ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಅದನ್ನು ತೆಗೆದರೆ ಡಿಫೆಂಡರ್ ತಾನಾಗಿ ಮರಳಬೇಕು. ಅನ್‌ಇನ್‌ಸ್ಟಾಲ್ ಅರ್ಧಕ್ಕೆ ನಿಂತರೆ ಹಳೆಯ ಹೆಸರು ನೋಂದಣಿಯಲ್ಲೇ ಉಳಿದು, ಮನೆಗೆ ಇಬ್ಬರ ಕಾವಲೂ ಇಲ್ಲದಂತಾಗುತ್ತದೆ. ‘ರಿಯಲ್-ಟೈಮ್ ಪ್ರೊಟೆಕ್ಷನ್’ ಗುಂಡಿ ಮಂಕಾಗಿರುತ್ತದೆ ಅಥವಾ ಆನ್ ಮಾಡಿದ ಕ್ಷಣವೇ ಹಿಂದಕ್ಕೆ ಜಾರುತ್ತದೆ. ಅಪ್‌ಡೇಟ್ ಪಟ್ಟಿಯಲ್ಲಿ 80070643 ಎಂದು ಕೊನೆಯಾಗುವ ಎರರ್ ಕಾಣಿಸಬಹುದು.

ಮೊದಲು ಡಿಫೆಂಡರ್ ಇರುವ ‘ವಿಂಡೋಸ್ ಸೆಕ್ಯುರಿಟಿ’ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ‘ಮ್ಯಾನೇಜ್ ಪ್ರೊವೈಡರ್ಸ್’ ತೆರೆಯಿರಿ. ಅಲ್ಲಿ ಹಳೆಯ ಹೆಸರು ಇದ್ದರೆ ಕಳ್ಳ ಸಿಕ್ಕ ಹಾಗೆ. ಆ್ಯಪ್‌ಗಳ ಪಟ್ಟಿಯಿಂದ ಮುಖ್ಯ ಸಾಫ್ಟ್‌ವೇರ್ ಜೊತೆಗೆ ಅದೇ ಕಂಪನಿಯ ವಿಪಿಎನ್, ಕ್ಲೀನರ್, ಬ್ರೌಸರ್ ಎಕ್ಸ್‌ಟೆನ್ಷನ್ ಎಲ್ಲವನ್ನೂ ತೆಗೆಯಿರಿ. ಆಮೇಲೆ ‘ಶಟ್ ಡೌನ್’ ಮಾಡಿ ಮತ್ತೆ ಹಾಕುವುದಲ್ಲ, ‘ರೀಸ್ಟಾರ್ಟ್’ ಒತ್ತಬೇಕು. ಎಡವುವುದು ಇಲ್ಲೇ. ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದರೆ ಶಟ್ ಡೌನ್ ಮಾಡಿದಾಗ ವಿಂಡೋಸ್ ತನ್ನ ಒಳಭಾಗವನ್ನು ಡಿಸ್ಕಿಗೆ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ಹೀಗಾಗಿ ಹಳೆಯ ಆಂಟಿವೈರಸ್‌ನ ಡ್ರೈವರ್ ಇಳಿಯುವುದೇ ಇಲ್ಲ. ಹತ್ತು ಸಲ ಆಫ್ ಮಾಡಿ ಆನ್ ಮಾಡಿದರೂ ಅದೇ ಕಥೆ.

ಅಷ್ಟಕ್ಕೂ ಬಗ್ಗದಿದ್ದರೆ ಅದೇ ಕಂಪನಿಯ ‘ರಿಮೂವಲ್ ಟೂಲ್’ ಇಳಿಸಿಕೊಂಡು, ಅಗತ್ಯದ್ದಷ್ಟೇ ಓಡುವ ಸೇಫ್ ಮೋಡ್‌ನಲ್ಲಿ ಓಡಿಸಬೇಕು. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್, ನಂತರ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಆಮೇಲೆ ಅಂಕಿ 4. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ಆನ್ ಇರುವುದೇ ಹೆಚ್ಚು, ನಡುವೆ 48 ಅಂಕಿಯ ಬಿಟ್‌ಲಾಕರ್ ಕೀ ಕೇಳಬಹುದು. ಅದನ್ನು ಮೈಕ್ರೋಸಾಫ್ಟ್ ಖಾತೆಯಿಂದ ನೋಡಿ ಕಾಗದದಲ್ಲಿ ಬರೆದಿಟ್ಟುಕೊಳ್ಳದೆ ಈ ಕೆಲಸಕ್ಕೆ ಕೈಹಾಕಬೇಡಿ. ಕೊನೆಗೆ ಸ್ಟಾರ್ಟ್ ಮೆನುವಿನಲ್ಲಿ ವಿಂಡೋಸ್ ಸೆಕ್ಯುರಿಟಿ ಮೇಲೆ ಬಲ ಕ್ಲಿಕ್ ಮಾಡಿ ‘ಆ್ಯಪ್ ಸೆಟ್ಟಿಂಗ್ಸ್’, ‘ರೀಸೆಟ್’. ಸಾಫ್ಟ್‌ವೇರ್ ಹಾಕಲು ಐದು ನಿಮಿಷ, ಬೇರು ಸಮೇತ ಕೀಳಲು ಒಂದು ಸಂಜೆ. ದುಡ್ಡು ಕೊಟ್ಟವರಿಗೆ ಇಷ್ಟು ಕಷ್ಟ ಕೊಡಬಾರದು.

ಡಿಫೆಂಡರ್ ಅಪ್‌ಡೇಟಿನಲ್ಲಿ ಜನ ತಪ್ಪು ತಿಳಿಯುವುದು ಒಂದಿದೆ. ಕೆಬಿ2267602 ಎಂಬ ಸಂಖ್ಯೆಯ ಅಪ್‌ಡೇಟ್ ದಿನವೂ ಬರುವುದನ್ನು ಕಂಡು ಇನ್‌ಸ್ಟಾಲ್ ಆಗುತ್ತಿಲ್ಲ ಅಂದುಕೊಳ್ಳುತ್ತಾರೆ. ಸಂಖ್ಯೆ ಎಂದಿಗೂ ಅದೇ, ಪಕ್ಕದ ವರ್ಷನ್ ಬದಲಾಗುತ್ತಿದ್ದರೆ ಸರಿಯಾಗಿದೆ. ಫೋನಿನ ಹಾಟ್‌ಸ್ಪಾಟ್‌ನಲ್ಲೇ ಕಾಲ ತಳ್ಳುವವರು ಸಂಪರ್ಕ ‘ಮೀಟರ್ಡ್’ (ಡೇಟಾ ಮಿತಿಯುಳ್ಳದ್ದು) ಎಂದು ಗುರುತಾಗಿದೆಯಾ ನೋಡಿ, ಹಾಗಿದ್ದರೆ ಡೆಫಿನಿಷನ್ (ವೈರಸ್‌ಗಳ ಗುರುತಿನ ಪಟ್ಟಿ) ತಾನಾಗಿ ಇಳಿಯದೇ ಹೋಗಬಹುದು. ‘ಪ್ರೊಟೆಕ್ಷನ್ ಅಪ್‌ಡೇಟ್ಸ್’ಗೆ ಹೋಗಿ ಕೈಯಾರೆ ‘ಚೆಕ್ ಫಾರ್ ಅಪ್‌ಡೇಟ್ಸ್’ ಒತ್ತಿ. ಹಳೆಯ ಡೆಸ್ಕ್‌ಟಾಪ್‌ನಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಅಪ್‌ಡೇಟ್ ವಿಫಲವಾದರೆ ಗಡಿಯಾರ ನೋಡಿ. ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸೆಲ್ ಸತ್ತಿದ್ದರೆ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿ, ಸರ್ವರ್‌ನ ಪ್ರಮಾಣಪತ್ರ ಅಸಿಂಧು ಎನಿಸಿ, ಸಂಪರ್ಕವೇ ಏರ್ಪಡುವುದಿಲ್ಲ. ಸಿಆರ್2032 ಸೆಲ್, 3 ವೋಲ್ಟ್. ಪ್ಲಗ್ ಕಿತ್ತು, ಪಕ್ಕದ ಕ್ಲಿಪ್ ಸರಿಸಿದರೆ ಮೇಲೇಳುತ್ತದೆ. ಪ್ಲಸ್ ಗುರುತು ಮೇಲೆ ಬರುವಂತೆ ಹೊಸದನ್ನು ಕೂರಿಸಿ. ಯಾವ ಆಂಟಿವೈರಸ್ ಆದರೂ ಈ ತೊಂದರೆ ಒಂದೇ.

ಡಿಫೆಂಡರ್‌ಗೆ ತಪ್ಪಿಲ್ಲ ಅಂತಲ್ಲ. ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಪೂರ್ತಿ ಸ್ಕ್ಯಾನ್ ನಡೆಯುವಾಗ ಬೇರೆ ಕೆಲಸ ಆಗದು, ರಾತ್ರಿ ಓಡಲು ಬಿಡಿ. ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಆನ್ ಮಾಡಿದರೆ ಅದಕ್ಕೆ ಪರಿಚಯವಿಲ್ಲದ ತಂತ್ರಾಂಶ ಡಾಕ್ಯುಮೆಂಟ್ಸ್‌ನಲ್ಲಿ ಫೈಲ್ ಉಳಿಸಲಾಗದು. ನುಡಿ, ಬರಹದಂಥ ಕನ್ನಡ ಎಡಿಟರ್‌ನಲ್ಲಿ ‘ಸೇವ್’ ಕೈಕೊಟ್ಟರೆ ಅಲ್ಲಿನ ‘ರೀಸೆಂಟ್ಲಿ ಬ್ಲಾಕ್ಡ್ ಆ್ಯಪ್ಸ್’ ಪಟ್ಟಿಯಿಂದ ಅದಕ್ಕೆ ಒಪ್ಪಿಗೆ ಕೊಡಿ. ಇಡೀ ಸೌಲಭ್ಯ ಆಫ್ ಮಾಡಬೇಡಿ.

ಜೋಡಿಸಿಕೊಟ್ಟ ಪಿಸಿಯಲ್ಲಿ ‘ಹ್ಯಾಕ್‌ಟೂಲ್’, ‘ಆಟೋಕೆಎಂಎಸ್’ ಎಂಬ ಹೆಸರಿನ ಅಲರ್ಟ್ ಪದೇ ಪದೇ ಬಂದರೆ ಅದು ನಕಲಿ ವಿಂಡೋಸ್ ಚಾಲೂ ಮಾಡುವ ಸಾಧನ. ಅಳಿಸಿದರೂ ಮರಳುತ್ತಿದ್ದರೆ ಟಾಸ್ಕ್ ಶೆಡ್ಯೂಲರಿನಲ್ಲಿ ಅದರದ್ದೊಂದು ಕೆಲಸ ಉಳಿದಿದೆಯಾ ಹುಡುಕಿ. ಅದಕ್ಕಿಂತ ಅಪಾಯದ್ದು ‘ಎಕ್ಸ್‌ಕ್ಲೂಷನ್ಸ್’ ಪಟ್ಟಿ. ಅಲರ್ಟ್ ಬಾರದಿರಲಿ ಎಂದು ಯಾರಾದರೂ ಇಡೀ ಸಿ ಡ್ರೈವನ್ನೇ ಅಲ್ಲಿ ಸೇರಿಸಿದ್ದರೆ ಡಿಫೆಂಡರ್ ಹಸಿರು ತೋರಿಸುತ್ತಲೇ ಕಣ್ಣು ಮುಚ್ಚಿಕೊಂಡಿರುತ್ತದೆ. ಆ ಪಟ್ಟಿ ಖಾಲಿ ಮಾಡಿ, ‘ಆಫ್‌ಲೈನ್ ಸ್ಕ್ಯಾನ್’ ಕೊಡಿ. ಯಂತ್ರ ರೀಸ್ಟಾರ್ಟ್ ಆಗಿ ಸುಮಾರು 15 ನಿಮಿಷ ತೆಗೆದುಕೊಳ್ಳುತ್ತದೆ.

ಮಾಲ್‌ವೇರ್‌ಬೈಟ್ಸ್ ಹಾಕಿದಾಗ 14 ದಿನದ ಪ್ರೀಮಿಯಂ ಪ್ರಯೋಗ ಶುರುವಾದರೆ ಅದನ್ನು ನಿಲ್ಲಿಸಿ. ಉಚಿತ ಆವೃತ್ತಿ ಕೈಯಾರೆ ಸ್ಕ್ಯಾನ್ ಮಾಡುತ್ತದೆ, ತೆಗೆಯುತ್ತದೆ, ಕಾಯುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಸೆಕ್ಯುರಿಟಿ ಸೆಂಟರ್‌ನಲ್ಲಿ ನೋಂದಾಯಿಸುವ ಆಯ್ಕೆಯನ್ನೂ ಆಫ್ ಮಾಡಿ, ಆಗ ಡಿಫೆಂಡರ್ ಎದ್ದೇ ಇರುತ್ತದೆ. ಬೇಡದ ಟೂಲ್‌ಬಾರು, ಸರ್ಚ್ ಬದಲಿಸುವ ಎಕ್ಸ್‌ಟೆನ್ಷನ್ ಹೆಕ್ಕುವುದರಲ್ಲಿ ಇದರ ಕೈ ಚುರುಕು. ಕ್ವಾರಂಟೈನ್ ಮಾಡಿದ್ದೇ, ಅಂದರೆ ಹಿಡಿದು ಬೇರೆ ಇಟ್ಟದ್ದೇ, ಮರುದಿನ ಮತ್ತೆ ಕಂಡರೆ ಕ್ರೋಮ್ ಸಿಂಕ್ ಅದನ್ನು ಗೂಗಲ್ ಖಾತೆಯಿಂದ ವಾಪಸ್ ತರುತ್ತಿರಬಹುದು. ಸಿಂಕ್ ಆಫ್ ಮಾಡಿ, ಖಾತೆಯಲ್ಲಿ ಉಳಿದ ಸಿಂಕ್ ಡೇಟಾ ಅಳಿಸಿ, ಸ್ಕ್ಯಾನ್ ಮಾಡಿ, ಆಮೇಲೆ ಸಿಂಕ್ ಆನ್ ಮಾಡಿ. ಪಾಸ್‌ವರ್ಡ್‌ಗಳನ್ನು ಅದಕ್ಕೂ ಮೊದಲೇ ಬೇರೆಡೆ ಇಳಿಸಿಟ್ಟುಕೊಳ್ಳಿ.

ಮನೆಯಲ್ಲಿ ಒಂದೆರಡು ವಿಂಡೋಸ್ 11 ಯಂತ್ರ, ವರ್ಷಕ್ಕೆ ಸಾವಿರ ರೂಪಾಯಿ ಉಳಿಸಿದರೂ ಸಂತೋಷ ಅನ್ನುವ ನನ್ನಂಥವರಿಗೆ ಪೆಟ್ಟಿಗೆ ಬೇಡವೇ ಬೇಡ. ಆ ಹಣಕ್ಕೆ ಇನ್ನಷ್ಟು ಸೇರಿಸಿ ಬ್ಯಾಕಪ್‌ಗೆ ಹೊರಗಿನ ಡಿಸ್ಕ್ ಕೊಳ್ಳುತ್ತೇನೆ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಡಿಫೆಂಡರ್ ಡೆಫಿನಿಷನ್‌ಗಳು 2028ರ ಅಕ್ಟೋಬರ್‌ವರೆಗೆ ಬರುತ್ತವೆ ಎಂದು ಮೈಕ್ರೋಸಾಫ್ಟ್ ಹೇಳಿದೆ, ಆದರೆ ವಿಂಡೋಸ್‌ನಲ್ಲೇ ಇರುವ ತೂತುಗಳನ್ನು ಯಾವ ಆಂಟಿವೈರಸ್ಸೂ ಹೊಲಿಯುವುದಿಲ್ಲ. ಪೆಟ್ಟಿಗೆ ಈಗಾಗಲೇ ಇದ್ದರೆ ಅವಧಿ ಮುಗಿಯುವವರೆಗೆ ಬಳಸಿ, ಆಟೋ ರಿನ್ಯೂವಲ್ ಮಾತ್ರ ಇವತ್ತೇ ನಿಲ್ಲಿಸಿ. ಕಾರ್ಡಿನಿಂದ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಬ್ಯಾಂಕಿನ ಸಂದೇಶ ಬರಬೇಕು, ಅದು ರಿಸರ್ವ್ ಬ್ಯಾಂಕ್ ನಿಯಮ. ರದ್ದು ಮಾಡುವ ದಾರಿ ಆ ಸಂದೇಶದಲ್ಲೇ ಇರುತ್ತದೆ.