ಬೆರಳಿಟ್ಟು ನೋಡುವ ಇಸಿಜಿ ಯಂತ್ರ: ಎರಡು ವರ್ಷ ಬಳಸಿದ ಮೇಲೆ

ನನಗಿರುವುದು ಬಂದು ಹೋಗುವ ಬಗೆಯ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯ ಬಡಿತದ ಲಯ ತಪ್ಪುವ ಕಾಯಿಲೆ. ಎದೆ ಡವಗುಟ್ಟುವಾಗ ಮನೆಯಲ್ಲಿರುತ್ತೇನೆ, ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸುವಷ್ಟರಲ್ಲಿ ಎಲ್ಲ ಸರಿಯಾಗಿರುತ್ತದೆ. ಮೈಗೆ ಕಟ್ಟಿಕೊಂಡು 24 ಗಂಟೆ ಇಸಿಜಿ ದಾಖಲಿಸುವ ಹೋಲ್ಟರ್ ಯಂತ್ರ ಹಾಕಿದ ದಿನವೂ ಏನೂ ಸಿಗಲಿಲ್ಲ. ಅದಕ್ಕೇ ಈ ಪುಟ್ಟ ಯಂತ್ರ ತೆಗೆದುಕೊಂಡೆ.

ಎರಡೂ ಕೈಯ ಬೆರಳುಗಳನ್ನು ಲೋಹದ ಪಟ್ಟಿಗಳ ಮೇಲಿಟ್ಟು 30 ಸೆಕೆಂಡ್ ಅಲುಗಾಡದೆ ಕೂತರೆ ಫೋನಿನಲ್ಲಿ ಗೆರೆ ಮೂಡುತ್ತದೆ. ಇದು ಒಂದೇ ಲೀಡ್, ಅಂದರೆ ಹೃದಯವನ್ನು ಒಂದೇ ಕೋನದಿಂದ ನೋಡುತ್ತದೆ, ಆಸ್ಪತ್ರೆಯ 12 ಲೀಡ್ ಇಸಿಜಿಗೆ ಸಮವಲ್ಲ. ಆದರೆ ಬಡಿತಗಳ ಅಂತರ ಏರುಪೇರಾಗಿದೆಯೇ, ಪ್ರತಿ ಬಡಿತಕ್ಕೂ ಮೊದಲು ಪಿ ಅಲೆ (ಹೃದಯದ ಮೇಲಿನ ಕೋಣೆಗಳ ಕೆಲಸ ತೋರಿಸುವ ಸಣ್ಣ ಉಬ್ಬು) ಬರುತ್ತಿದೆಯೇ ಎಂದು ಡಾಕ್ಟರಿಗೆ ನೋಡಲು ಸಾಕು. ಆ್ಯಪ್ ಕೊಡುವ ತೀರ್ಪನ್ನು ನಮ್ಮ ಡಾಕ್ಟರ್ ಓದುವುದೇ ಇಲ್ಲ, ನೇರ ಗೆರೆಗೇ ಕಣ್ಣು ಹಾಕುತ್ತಾರೆ. ಅದೇ ಸರಿ. ನಡುವೆ ಬರುವ ಹೆಚ್ಚುವರಿ ಬಡಿತಗಳನ್ನು ಆ್ಯಪ್ ಕೆಲವೊಮ್ಮೆ ಫಿಬ್ರಿಲೇಷನ್ ಎಂದುಬಿಡುತ್ತದೆ. ಇನ್ನು ಕೆಲವು ಸಲ ‘ವರ್ಗೀಕರಿಸಲಾಗಿಲ್ಲ’ ಎಂದು ಕೈತೊಳೆದುಕೊಳ್ಳುತ್ತದೆ.

ಗೆರೆ ಚೆನ್ನಾಗಿ ಬರಬೇಕಾದರೆ ಕೈಗಳನ್ನು ಮೇಜಿನ ಮೇಲೆ ಊರಿಕೊಳ್ಳಿ. ಬೆರಳು ಒಣಗಿದ್ದರೆ ಸ್ವಲ್ಪ ಒದ್ದೆ ಮಾಡಿ. ಫೋನ್ ಚಾರ್ಜಿಗೆ ಹಾಕಿರಬೇಡಿ. ಮಾತಂತೂ ಬೇಡವೇ ಬೇಡ.

ಈಗ ಮುಖ್ಯ ವಿಷಯ. ಈ ಕಾಯಿಲೆಯಲ್ಲಿ ಹೆದರಬೇಕಾದ್ದು ಡವಡವಕ್ಕಿಂತ ಜಾಸ್ತಿ ಪಾರ್ಶ್ವವಾಯುವಿಗೆ. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಹಿಂಡದೆ ಬರೀ ನಡುಗುತ್ತವೆ, ಎಡಗೋಣೆಯ ಮೂಲೆಯ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಮಿದುಳಿಗೆ ಹೋಗಬಹುದು. ಯಂತ್ರ ಇದನ್ನು ತಡೆಯುವುದಿಲ್ಲ, ತಡೆಯುವುದು ರಕ್ತ ತೆಳುವಾಗಿಸುವ ಮಾತ್ರೆ. ‘ವಾರದಿಂದ ಲಯ ಸರಿಯಾಗಿದೆ ಅಲ್ವಾ, ಮಾತ್ರೆ ಯಾಕೆ?’ ಎಂದು ಮನೆಯವರು ಕೇಳುತ್ತಾರೆ. ಮಾತ್ರೆ ಬೇಕೋ ಬೇಡವೋ ಎಂಬುದನ್ನು ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹೃದಯದ ದೌರ್ಬಲ್ಯ, ಹಿಂದೆ ಪಾರ್ಶ್ವವಾಯು ಆಗಿತ್ತೇ ಎಂಬುದನ್ನೆಲ್ಲ ನೋಡಿ ಡಾಕ್ಟರ್ ತೀರ್ಮಾನಿಸುತ್ತಾರೆ. ಒಂದು ವಾರದ ಒಳ್ಳೆಯ ಗೆರೆಗಳು ಅದನ್ನು ಬದಲಿಸುವುದಿಲ್ಲ. ನಾನು ತೆಗೆದುಕೊಳ್ಳುವುದು ಅಪಿಕ್ಸಬಾನ್, ದಿನಕ್ಕೆ 2 ಬಾರಿ. ತಪ್ಪಿಸಿದರೆ ಅದರ ಪರಿಣಾಮ ಬೇಗ ಇಳಿಯುತ್ತದೆ. ತಮಾಷೆ ಏನೆಂದರೆ, ಆ್ಯಪ್‌ನಲ್ಲಿ ನನಗೆ ದಿನವೂ ಉಪಯೋಗಕ್ಕೆ ಬರುವುದು ಇಸಿಜಿ ಅಲ್ಲ, ಮಾತ್ರೆ ನೆನಪಿಸುವ ಅಲಾರಂ!

ಹೃದಯಾಘಾತವನ್ನೂ ಇದು ಹಿಡಿಯುವುದಿಲ್ಲ. ಎದೆ ನೋವು, ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಕೈ ಬಲ ಇಳಿಯುವುದು ಕಂಡರೆ ಬೆರಳಿಟ್ಟು ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಗಾಬರಿ ಸ್ವಭಾವದವರಿಗೆ ಇದು ಬೇಡ ಅನಿಸುತ್ತದೆ. ಸುಮ್ನೆ ಕೂತಾಗಲೆಲ್ಲ ಕೈ ಅದರತ್ತಲೇ ಹೋಗುತ್ತದೆ. ನನಗೆ ಡಾಕ್ಟರ್ ಹೇಳಿದ್ದು ಬೆಳಿಗ್ಗೆ ಒಮ್ಮೆ, ಆಮೇಲೆ ಎದೆ ಡವಗುಟ್ಟಿದಾಗ ಮಾತ್ರ. ಫಿಬ್ರಿಲೇಷನ್ ಸದಾ ಇರುವವರಿಗೂ ಹೆಚ್ಚು ಲಾಭವಿಲ್ಲ. ಅವರಿಗೆ ಬಡಿತದ ವೇಗ ಗೊತ್ತಾದರೆ ಸಾಕು. ನಾಡಿ ಹಿಡಿದು ಪೂರ್ತಿ 1 ನಿಮಿಷ ಎಣಿಸಿದರೆ ಆಯಿತು. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ, ಲಯ ಏರುಪೇರಾಗಿರುತ್ತದಲ್ಲ. ಪೇಸ್‌ಮೇಕರ್ ಇರುವವರಿಗೆ ಇದು ಅಲ್ಲ ಎಂದು ನನ್ನ ಯಂತ್ರದ ಕೈಪಿಡಿಯಲ್ಲೇ ಇದೆ.

5ಕ್ಕೆ 4 ಕೊಡುತ್ತೇನೆ. ಹಳೆಯ ಗೆರೆಗಳನ್ನೆಲ್ಲ ಒಟ್ಟಿಗೆ ನೋಡಲು ಬೇರೆ ಚಂದಾ ಕಟ್ಟಬೇಕು, ಒಂದು ಅಂಕ ಕಳೆದದ್ದು ಅದಕ್ಕೆ. ಸದ್ಯಕ್ಕೆ ಒಂದೊಂದನ್ನೂ ಪಿಡಿಎಫ್ ಮಾಡಿ ಇಟ್ಟುಕೊಳ್ಳುತ್ತಿದ್ದೇನೆ.